ದೂರದ ಹಕ್ಕಿಗೆ ಹತ್ತಿರದ ದಾರಿ? ಟೆಲಿಕನ್ವರ್ಟರ್ ಕೊಳ್ಳುವ ಮುನ್ನ ಒಂದಿಷ್ಟು ಮಾತು



ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಡಿನ ಕೋರಿಕೆ. ಉಳಿದ ಕಾಲು ಪಾಲಿನಲ್ಲಿ ಊರಿಗೆ ಹೋಗುವ ರೈಲು, ಬಸ್ಸು, ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ ಎಂಬ ವಿಚಾರಣೆ. ಕ್ಯಾಮೆರಾ ಬಗ್ಗೆ ಪತ್ರ ಬಂದದ್ದು ಇದೇ ಮೊದಲು. ಬರೆದವರು ಡೊಂಬಿವಲಿಯ ಹಳೆಯ ಕೇಳುಗರು. ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾಯಿತಂತೆ. ಮೇ ಕೊನೆಗೆ ನಿವೃತ್ತಿ. ಮಳೆ ಹಿಡಿಯುವ ಮೊದಲೇ ಮನೆ ಖಾಲಿ ಮಾಡಿ ಕುಂದಾಪುರದ ಕಡೆಗೆ ವಾಪಸು.

ಅವರ ಆಸೆ ಒಂದೇ. ಪ್ರತಿ ಚಳಿಗಾಲದಲ್ಲೂ ಮುಂಬಯಿಯ ಕೊಲ್ಲಿಗೆ ಬಂದಿಳಿಯುವ ರಾಜಹಂಸಗಳ, ಅಂದರೆ ನಾವೆಲ್ಲ ಫ್ಲೆಮಿಂಗೊ ಎನ್ನುವ ಆ ಗುಲಾಬಿ ಹಕ್ಕಿಗಳ, ಒಂದು ಒಳ್ಳೆಯ ಫೋಟೋ ತೆಗೆದು ಊರಿನ ಮನೆಯ ಜಗಲಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕಬೇಕು. ಇಷ್ಟು ವರ್ಷ ಲೋಕಲ್ ಟ್ರೈನಿನ ಕಿಟಕಿಯಿಂದ ನೋಡಿದ್ದೇ ಬಂತು. ಕೈಯಲ್ಲಿ ಒಂದು ಡಿ.ಎಸ್.ಎಲ್.ಆರ್. ಕ್ಯಾಮೆರಾ ಇದೆ, 70-300 ಮಿ.ಮೀ. ಜೂಮ್ ಲೆನ್ಸ್ ಇದೆ. ಆದರೆ ಶಿವ್ಡಿಗೆ ಹೋಗಿ ತೆಗೆದ ಫೋಟೋದಲ್ಲಿ ಹಕ್ಕಿ ಅಕ್ಕಿಕಾಳಿನಷ್ಟು. ಈಗ ಅಂಗಡಿಯವನೊಬ್ಬ ಸೆಕೆಂಡ್ ಹ್ಯಾಂಡ್ 2 ಎಕ್ಸ್ ಟೆಲಿಕನ್ವರ್ಟರ್ ತೋರಿಸಿ, "ಇದನ್ನು ಹಾಕಿದರೆ ನಿಮ್ಮ 300 ಲೆನ್ಸು 600 ಆಗುತ್ತದೆ ಸಾಬ್, ಒಂಬತ್ತು ಸಾವಿರ ಕೊಡಿ, ಭಾನುವಾರದ ಒಳಗೆ ಹೇಳಿ" ಎಂದಿದ್ದಾನೆ. ಕೊಳ್ಳಲೇ, ಬೇಡವೇ? ಇದು ಅವರ ಪ್ರಶ್ನೆ.

ಆ ಪತ್ರ ಓದಿ ನನಗೆ ನಗುವೂ ಬಂತು, ಸಂಕಟವೂ ಆಯಿತು. ಏಕೆಂದರೆ ಸುಮಾರು ಹದಿನೈದು ವರ್ಷದ ಹಿಂದೆ ಅದೇ ಮಾತಿಗೆ ಮರುಳಾಗಿ, ಅದೇ ಬಗೆಯ ಡಬ್ಬಿಯನ್ನು ನಾನೂ ಕೊಂಡಿದ್ದೆ. ಅಂಗಡಿಯ ಹೆಸರು ಬೇಡ ಬಿಡಿ. ಅಂಗಡಿಯವನು ಹೇಳಿದ್ದು ಸುಳ್ಳೇನೂ ಅಲ್ಲ. 300 ಖಂಡಿತ 600 ಆಗುತ್ತದೆ. ಆದರೆ ಅದರ ಜೊತೆಗೆ ಇನ್ನೂ ಏನೇನು ಆಗುತ್ತದೆ ಎಂಬುದನ್ನು ಆತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಅದನ್ನೇ ಮಾತಾಡೋಣ.

ಎರಡು ಕನ್ನಡಕದ ಪ್ರಯೋಗ

ಟೆಲಿಕನ್ವರ್ಟರ್ ಎಂದರೆ ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರುವ ಒಂದು ಗಿಡ್ಡ ಡಬ್ಬಿ. ಕ್ಯಾನನ್ ಕಂಪೆನಿ ಇದನ್ನು ಎಕ್ಸ್‌ಟೆಂಡರ್ ಎನ್ನುತ್ತದೆ, ನಿಕಾನ್ ಮತ್ತು ಸೋನಿಯವರು ಟೆಲಿಕನ್ವರ್ಟರ್ ಎನ್ನುತ್ತಾರೆ. ವಸ್ತು ಒಂದೇ. ಒಳಗೆ ಗಾಜುಗಳ ಒಂದು ಜೋಡಣೆ. ಇದು ಮಾಡುವ ಕೆಲಸವನ್ನು ನೀವು ಮನೆಯಲ್ಲೇ, ಒಂದು ಪೈಸೆ ಖರ್ಚಿಲ್ಲದೆ ನೋಡಬಹುದು.

ಮನೆಯಲ್ಲಿ ಓದುವ ಕನ್ನಡಕ, ಚಾಳೀಸು ಎನ್ನುತ್ತೇವಲ್ಲ, ಅದೊಂದು ಬೇಕು. ಪ್ಲಸ್ ಎರಡೂವರೆ ಪವರ್ ಇದ್ದರೆ ಲೆಕ್ಕಕ್ಕೆ ಚೆನ್ನ. ಇನ್ನೊಂದು, ದೂರದ್ದು ಕಾಣದವರು ಹಾಕುವ ಮೈನಸ್ ಎರಡರ ಕನ್ನಡಕ. ಹಗಲು ಹೊತ್ತಿನಲ್ಲಿ ಒಂದೇ ಕಿಟಕಿ ತೆರೆದಿಟ್ಟು ಉಳಿದ ಪರದೆಗಳನ್ನು ಎಳೆಯಿರಿ. ಕಿಟಕಿಗೆ ಎದುರಾಗಿ ಚಾಳೀಸು ಹಿಡಿದು, ಅದರ ಹಿಂದೆ 40 ಸೆಂಟಿಮೀಟರ್ ದೂರದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ಹಾಳೆಯ ಮೇಲೆ ಎದುರಿನ ಬಿಲ್ಡಿಂಗು, ಆಕಾಶ ಎಲ್ಲ ತಲೆಕೆಳಗಾಗಿ ಪುಟ್ಟದಾಗಿ ಮೂಡುತ್ತದೆ. ಇದೇ ನಿಮ್ಮ ಲೆನ್ಸು. ಹಾಳೆಯೇ ಕ್ಯಾಮೆರಾದ ಸೆನ್ಸರ್.

ಈಗ ಚಾಳೀಸಿನಿಂದ 25 ಸೆಂಟಿಮೀಟರ್ ಹಿಂದೆ ಮೈನಸ್ ಕನ್ನಡಕದ ಗಾಜನ್ನು ಅಡ್ಡ ಹಿಡಿಯಿರಿ. ಕೂಡಲೇ ಚಿತ್ರ ಮಸುಕಾಗುತ್ತದೆ. ಗಾಬರಿ ಬೇಡ. ಹಾಳೆಯನ್ನು ನಿಧಾನವಾಗಿ ಆರೇಳು ಸೆಂಟಿಮೀಟರ್ ಹಿಂದಕ್ಕೆ ಸರಿಸಿ. ಚಿತ್ರ ಮತ್ತೆ ಸ್ಪಷ್ಟವಾಗುತ್ತದೆ, ಈ ಸಲ ಮೊದಲಿಗಿಂತ ಸುಮಾರು 1.4 ಪಟ್ಟು ದೊಡ್ಡದಾಗಿ! ನಿಮ್ಮ ಕೈಯಲ್ಲೇ ಒಂದು 1.4 ಎಕ್ಸ್ ಟೆಲಿಕನ್ವರ್ಟರ್ ತಯಾರಾಯಿತು. ಮೂರು ಕೈ ಬೇಕಾಗುತ್ತದೆ, ಮನೆಯವರನ್ನೋ ಮಕ್ಕಳನ್ನೋ ಕರೆದುಕೊಳ್ಳಿ.

ಆದದ್ದು ಇಷ್ಟೇ. ಚಾಳೀಸಿನ ಗಾಜು ಪೀನ ಮಸೂರ, ಬೆಳಕನ್ನು ಐಸ್‌ಕ್ರೀಮ್ ಕೋನಿನಂತೆ ಒಂದು ತುದಿಗೆ ಕೂಡಿಸುತ್ತದೆ. ಮೈನಸ್ ಗಾಜು ನಿಮ್ನ ಮಸೂರ, ಬೆಳಕನ್ನು ಹರಡುವ ಸ್ವಭಾವದ್ದು. ಕೂಡಿಕೊಳ್ಳಲು ಓಡುತ್ತಿರುವ ಬೆಳಕಿನ ದಾರಿಗೆ ಇದು ಅಡ್ಡ ಬಂದು, "ಅಷ್ಟೇನು ಅವಸರ, ಸ್ವಲ್ಪ ಮುಂದೆ ಹೋಗಿ ಸೇರಿರಿ" ಎನ್ನುತ್ತದೆ. ಕೋನು ಉದ್ದವಾಗುತ್ತದೆ, ಮೊನೆ ದೂರ ಹೋಗುತ್ತದೆ, ಬಿಂಬ ದೊಡ್ಡದಾಗುತ್ತದೆ. ಹೆಚ್ಚು ಉದ್ದದ ಲೆನ್ಸು ಹಾಕಿದಾಗ ಆಗುವುದೂ ಇದೇ.

ಇದೇನೂ ಹೊಸ ವಿದ್ಯೆಯಲ್ಲ. ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞನ ಹೆಸರಿನ ಬಾರ್ಲೋ ಲೆನ್ಸ್ 1830ರ ದಶಕದ್ದು. ಅದು ಟೆಲಿಸ್ಕೋಪಿಗಾಗಿ ಹುಟ್ಟಿದ್ದು. ಇವತ್ತಿಗೂ ಶನಿಗ್ರಹದ ಉಂಗುರ ತೋರಿಸುವವರು ಟೆಲಿಸ್ಕೋಪಿನ ಹಿಂಬದಿಗೆ ಸಿಕ್ಕಿಸುವುದು ಅದನ್ನೇ. ಕ್ಯಾಮೆರಾದ ಟೆಲಿಕನ್ವರ್ಟರ್ ಅದರ ಮೊಮ್ಮಗ ಎನ್ನಿ. ಮೊಮ್ಮಗನಿಗೆ ಓದು ಸ್ವಲ್ಪ ಜಾಸ್ತಿ, ಅಷ್ಟೇ. ಒಂದೇ ಗಾಜಿನಲ್ಲಿ ಕೆಲಸ ಮುಗಿಸಿದರೆ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಬಂದು ಚಿತ್ರ ಕೆಡುತ್ತದೆ. ಅದನ್ನು ತಿದ್ದಲು ಬೇರೆ ಬೇರೆ ಜಾತಿಯ ಗಾಜು ಜೋಡಿಸುತ್ತಾರೆ. ಕ್ಯಾನನ್ 2010ರಲ್ಲಿ ತಂದ ಮೂರನೇ ಆವೃತ್ತಿಯ 1.4 ಎಕ್ಸ್‌ನಲ್ಲಿ ಏಳು ಗಾಜು, 2 ಎಕ್ಸ್‌ನಲ್ಲಿ ಒಂಬತ್ತು. ಬೆಲೆ ಯಾಕೆ ಅಷ್ಟು ಎಂದು ಕೇಳಿದರೆ ಉತ್ತರ ಇಲ್ಲೇ ಇದೆ.

ಮಾಟುಂಗದ ದೋಸೆಯ ಲೆಕ್ಕ

ನಿಮ್ಮ ಕನ್ನಡಕದ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಗಮನಿಸಿದಿರಾ? ಚಿತ್ರ ದೊಡ್ಡದಾದಾಗ ಮಂಕೂ ಆಯಿತು. ಟೆಲಿಕನ್ವರ್ಟರಿನ ಅಸಲಿ ಕಥೆ ಇಲ್ಲಿಂದ ಶುರು.

ಮಾಟುಂಗದ ಉಡುಪಿ ಹೋಟೆಲಿನ ಕಾವಲಿಯ ಮುಂದೆ ಒಂದು ನಿಮಿಷ ನಿಂತುಕೊಳ್ಳಿ. ಭಟ್ಟರು ಒಂದು ಸೌಟು ಹಿಟ್ಟು ಹುಯ್ದು ಹರಡುತ್ತಾರೆ. ಅದೇ ಒಂದು ಸೌಟು ಹಿಟ್ಟಿನಲ್ಲಿ ದೋಸೆಯ ಅಡ್ಡಗಲವನ್ನು 1.4 ಪಟ್ಟು ಮಾಡಿದರೆ ಏನಾಗುತ್ತದೆ? ಅಗಲ 1.4, ಉದ್ದವೂ 1.4. ಗುಣಿಸಿದರೆ ಹೆಚ್ಚು ಕಡಿಮೆ ಎರಡು. ದೋಸೆಯ ವಿಸ್ತಾರ ಎರಡರಷ್ಟು, ದಪ್ಪ ಅರ್ಧ. ಎರಡು ಪಟ್ಟು ಅಡ್ಡಗಲ ಮಾಡಿದರೆ ವಿಸ್ತಾರ ನಾಲ್ಕರಷ್ಟು, ದಪ್ಪ ಕಾಲು ಭಾಗ. ಪೇಪರ್ ದೋಸೆ!

ಬೆಳಕಿನ ಕಥೆಯೂ ಇದೇ. ಲೆನ್ಸಿನ ಮುಂಭಾಗದ ಗಾಜು ಹಿಡಿಯುವ ಬೆಳಕು ಒಂದು ಸೌಟು ಹಿಟ್ಟು. ಟೆಲಿಕನ್ವರ್ಟರ್ ಅದನ್ನು ಹೆಚ್ಚು ಜಾಗಕ್ಕೆ ಹರಡುತ್ತದೆ, ಹಿಟ್ಟನ್ನು ಹೆಚ್ಚಿಸುವುದಿಲ್ಲ. ಹಾಗಾಗಿ 1.4 ಎಕ್ಸ್ ಹಾಕಿದರೆ ಸೆನ್ಸರಿನ ಮೇಲೆ ಬೀಳುವ ಬೆಳಕು ಅರ್ಧ, 2 ಎಕ್ಸ್ ಹಾಕಿದರೆ ಕಾಲು. ಫೋಟೋಗ್ರಾಫರುಗಳ ಭಾಷೆಯಲ್ಲಿ ಒಂದು ಸ್ಟಾಪ್ ಮತ್ತು ಎರಡು ಸ್ಟಾಪ್ ನಷ್ಟ. 1.4 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡವರಿಗೆ ಉತ್ತರವೂ ಸಿಕ್ಕಿತು. ಅದು ಎರಡರ ವರ್ಗಮೂಲ.

ಎಫ್ ನಂಬರಿನ ಲೆಕ್ಕದಲ್ಲೂ ಇದನ್ನೇ ನೋಡಬಹುದು. ಎಫ್ ನಂಬರ್ ಎಂದರೆ ಫೋಕಲ್ ಲೆಂಗ್ತನ್ನು ಲೆನ್ಸಿನ ಕಂಡಿಯ ಅಡ್ಡಗಲದಿಂದ ಭಾಗಿಸಿದ್ದು. 300 ಮಿ.ಮೀ. ಲೆನ್ಸು ಎಫ್ 4 ಎಂದರೆ ಅದರ ಕಂಡಿ 75 ಮಿ.ಮೀ. ಅಗಲ. 1.4 ಎಕ್ಸ್ ಹಾಕಿದಾಗ ಫೋಕಲ್ ಲೆಂಗ್ತ್ 420 ಆಗುತ್ತದೆ. ಕಂಡಿಯೇನೂ ದೊಡ್ಡದಾಗುವುದಿಲ್ಲವಲ್ಲ, ಅದು 75ರಲ್ಲೇ ಉಳಿಯಿತು. 420ನ್ನು 75ರಿಂದ ಭಾಗಿಸಿದರೆ 5.6. ಎರಡರ ಕನ್ವರ್ಟರ್ ಹಾಕಿದರೆ 600, ಭಾಗಿಸಿದರೆ ಎಫ್ 8.

ನಮ್ಮ ಡೊಂಬಿವಲಿ ಮಿತ್ರರ ಲೆನ್ಸಿಗೆ ಬನ್ನಿ. 70-300, ಎಫ್ 4-5.6. ಇದರ ಅರ್ಥ 300ರ ತುದಿಯಲ್ಲಿ ಅದು ಎಫ್ 5.6. ಅದಕ್ಕೆ 2 ಎಕ್ಸ್ ಹಾಕಿದರೆ 600 ಮಿ.ಮೀ. ಸಿಗುತ್ತದೆ ನಿಜ, ಆದರೆ ಎಫ್ 11ಕ್ಕೆ ಇಳಿದು. ಮೊದಲು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೆಗೆಯುತ್ತಿದ್ದ ಫೋಟೋಗೆ ಈಗ ಇನ್ನೂರೈವತ್ತರ ಒಂದು ಭಾಗ ಬೇಕು. ಹಾರುವ ರಾಜಹಂಸದ ರೆಕ್ಕೆ ಆ ಹೊತ್ತಿಗೆ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಸಾಲದ್ದಕ್ಕೆ 600 ಮಿ.ಮೀ. ಎಂದಾಗ ಕೈಯ ನಡುಕವೂ ಇಮ್ಮಡಿಯಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಹಳಬರು ಹೇಳುವ ಲೆಕ್ಕ, 600 ಮಿ.ಮೀ. ಆದರೆ ಕನಿಷ್ಠ ಆರುನೂರರ ಒಂದು ಭಾಗದ ವೇಗ ಬೇಕು ಅಂತ. ಲೆನ್ಸಿನಲ್ಲೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ನಮ್ಮ ಕೈ ನಡುಕಕ್ಕೆ ಸಹಾಯವಾಗುತ್ತದೆ. ಹಕ್ಕಿಯ ರೆಕ್ಕೆಯನ್ನು ಅದು ನಿಲ್ಲಿಸುವುದಿಲ್ಲ.

ಐಎಸ್ಓ ಏರಿಸಿದರಾಯಿತು ಎಂದು ನೀವು ಹೇಳಬಹುದು. ಏರಿಸಬಹುದು. 400 ಇದ್ದದ್ದು 1600 ಆಗುತ್ತದೆ, ಚಿತ್ರದಲ್ಲಿ ಮರಳು ಮರಳಾಗಿ ನಾಯ್ಸ್ ಬರುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಇದನ್ನು ಅರ್ಥ ಮಾಡಿಕೊಂಡರೆ ಟೆಲಿಕನ್ವರ್ಟರಿನ ಮೇಲಿನ ಅರ್ಧ ಸಿಟ್ಟು ಇಳಿಯುತ್ತದೆ. ಶಟರ್ ವೇಗ ಅದೇ ಇದ್ದರೆ ಹಕ್ಕಿಯಿಂದ ಬಂದ ಬೆಳಕು ಕನ್ವರ್ಟರ್ ಇದ್ದರೂ ಇಲ್ಲದಿದ್ದರೂ ಹೆಚ್ಚು ಕಡಿಮೆ ಅಷ್ಟೇ. ಸೌಟು ಅದೇ ತಾನೇ? ಕನ್ವರ್ಟರ್ ಇಲ್ಲದೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸಿ ಹಕ್ಕಿಯನ್ನು ಅಷ್ಟೇ ದೊಡ್ಡದು ಮಾಡಿದರೆ ನಾಯ್ಸ್ ಕೂಡ ದೊಡ್ಡದಾಗಿ ಕಾಣುತ್ತದೆ. ಎರಡೂ ಚಿತ್ರಗಳಲ್ಲಿ ಹಕ್ಕಿಯ ಮೇಲಿನ ಮರಳು ಸುಮಾರು ಒಂದೇ. ಆದ್ದರಿಂದ "ಕನ್ವರ್ಟರ್ ಬೆಳಕು ತಿನ್ನುತ್ತದೆ" ಎನ್ನುವುದು ಪೂರ್ತಿ ನ್ಯಾಯವಲ್ಲ. ಅದು ಬೆಳಕನ್ನು ಹರಡುತ್ತದೆ.

ಹಾಗಾದರೆ ಕತ್ತರಿಸುವುದಕ್ಕೂ ಕನ್ವರ್ಟರ್ ಹಾಕುವುದಕ್ಕೂ ವ್ಯತ್ಯಾಸ ಏನು? ಲೆನ್ಸು ಬಹಳ ಒಳ್ಳೆಯದಾಗಿದ್ದರೆ ಅದು ಮೂಡಿಸುವ ಬಿಂಬದಲ್ಲಿ ಸೆನ್ಸರ್ ಹಿಡಿಯಲಾರದಷ್ಟು ನವಿರಾದ ವಿವರ ಇರುತ್ತದೆ. ಗರಿಯ ಎಳೆ, ಕಣ್ಣಿನ ಸುತ್ತಿನ ಉಂಗುರ ಇತ್ಯಾದಿ. ಕನ್ವರ್ಟರ್ ಅದನ್ನು ಹಿಗ್ಗಿಸಿ, ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಿ, ಸೆನ್ಸರಿಗೆ ಕಾಣುವಂತೆ ಮಾಡುತ್ತದೆ. ಲೆನ್ಸು ಸಾಧಾರಣದ್ದಾಗಿದ್ದರೆ ಹಿಗ್ಗಿಸಲು ಅಲ್ಲಿ ವಿವರವೇ ಇರುವುದಿಲ್ಲ. ಮಸುಕನ್ನೇ ದೊಡ್ಡದು ಮಾಡಿದಂತೆ. ತೆಳ್ಳಗೆ ಹರಡಿದಾಗ ಹಿಟ್ಟಿನಲ್ಲಿದ್ದ ಗಂಟುಗಳೆಲ್ಲ ಎದ್ದು ಕಾಣುವುದಿಲ್ಲವೇ, ಹಾಗೆ.

ಫೋಕಸ್ಸಿನ ಪರದಾಟ

ನನ್ನ ಕಥೆಗೆ ಬರುತ್ತೇನೆ. ಡಬ್ಬಿ ಕೊಂಡ ಮಾರನೆಯ ಭಾನುವಾರ ಬೆಳಗ್ಗೆ ಆರಕ್ಕೇ ಶಿವ್ಡಿಯ ಜೆಟ್ಟಿಯಲ್ಲಿ ಹಾಜರು. ಆಗಿನ್ನೂ ಅಲ್ಲಿಂದ ಹೊರಡುವ ಅಟಲ್ ಸೇತು ಇರಲಿಲ್ಲ, ಅದು ತೆರೆದದ್ದು 2024ರ ಜನವರಿಯಲ್ಲಿ. ಎದುರಿಗೆ ಕೆಸರು ಬಯಲು, ಅದರ ತುಂಬ ಗುಲಾಬಿ ಗೆರೆ ಎಳೆದ ಹಾಗೆ ಹಕ್ಕಿಗಳು. ಕ್ಯಾಮೆರಾ ಎತ್ತಿದೆ. ಕಿಂಡಿಯಲ್ಲಿ ನೋಡಿದರೆ ಸಂಜೆಯಾದಂತೆ ಮಬ್ಬು. ಬಟನ್ ಅರ್ಧ ಒತ್ತಿದೆ. ಲೆನ್ಸು ಜರ್ರ್ ಎಂದು ಮುಂದೆ ಹೋಯಿತು, ಜರ್ರ್ ಎಂದು ಹಿಂದೆ ಬಂತು, ಮತ್ತೆ ಮುಂದೆ. ಎಲ್ಲೂ ನಿಲ್ಲಲಿಲ್ಲ. ಕೈಯಲ್ಲೇ ಫೋಕಸ್ ತಿರುಗಿಸಿ ತೆಗೆದೆ. ಎರಡು ಗಂಟೆಯಲ್ಲಿ ಎಂಬತ್ತು ಚಿಲ್ಲರೆ ಫೋಟೋ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಒಂದೂ ಸರಿಯಿಲ್ಲ. ನನ್ನವಳು ಹಿಂದಿನಿಂದ ಇಣುಕಿ, "ಇದೇನು, ಗುಲಾಬಿ ಹತ್ತಿಯಾ?" ಎಂದಳು.

ಅಪರಾಧ ಕ್ಯಾಮೆರಾದ್ದಲ್ಲ. ಡಿ.ಎಸ್.ಎಲ್.ಆರ್. ಕ್ಯಾಮೆರಾ ಫೋಕಸ್ ಹುಡುಕುವುದು ನಮ್ಮ ಎರಡು ಕಣ್ಣಿನ ಹಾಗೆ. ಲೆನ್ಸಿನ ಎರಡು ಅಂಚುಗಳಿಂದ ಬರುವ ಬೆಳಕನ್ನು ಬೇರೆ ಬೇರೆಯಾಗಿ ನೋಡಿ, ಎರಡೂ ಚಿತ್ರ ಹೊಂದುತ್ತವೆಯೇ ಎಂದು ಅಳೆಯುತ್ತದೆ. ಎಫ್ ನಂಬರ್ ಏರಿದಂತೆ ಒಳಗಿನಿಂದ ನೋಡುವವನಿಗೆ ಲೆನ್ಸಿನ ಕಂಡಿ ಕಿರಿದಾಗುತ್ತ ಹೋಗುತ್ತದೆ. ಅಂಚುಗಳು ಮರೆಯಾಗುತ್ತವೆ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ ಪರದಾಟ. ಬಹಳಷ್ಟು ಡಿ.ಎಸ್.ಎಲ್.ಆರ್.ಗಳ ಫೋಕಸ್ ಬಿಂದುಗಳು ಎಫ್ 5.6ರ ತನಕ ಎಂದು ಲೆಕ್ಕ ಹಾಕಿ ಮಾಡಿದವು. ಮೇಲ್ದರ್ಜೆಯ ಕೆಲವಲ್ಲಿ ನಡುವಿನ ಬಿಂದುವೋ ಇನ್ನೂ ಕೆಲವೋ ಎಫ್ 8ರ ತನಕ ಕೆಲಸ ಮಾಡುತ್ತವೆ. ಎಫ್ 11ಕ್ಕೆ ಅವು ಕೈ ಚೆಲ್ಲುತ್ತವೆ.

ಈಗಿನ ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಈ ತಾಪತ್ರಯ ಬಹುಪಾಲು ತಪ್ಪಿದೆ. ಅವು ಸೆನ್ಸರಿನ ಮೇಲೆಯೇ ಫೋಕಸ್ ನೋಡುವುದರಿಂದ ಎಫ್ 11ರಲ್ಲೂ ಸಾಕಷ್ಟು ಚೆನ್ನಾಗಿ ಹಿಡಿಯುತ್ತವೆ, ಕಿಂಡಿಯ ಚಿತ್ರವೂ ಮಬ್ಬಾಗುವುದಿಲ್ಲ. ಟೆಲಿಕನ್ವರ್ಟರಿಗೆ ಮತ್ತೆ ಒಳ್ಳೆಯ ಕಾಲ ಬಂದದ್ದು ಈ ಕಾರಣಕ್ಕೂ ಹೌದು. ನಿಕಾನ್ 2022ರಲ್ಲಿ ತಂದ ಮಿರರ್‌ಲೆಸ್ 400 ಎಫ್ 2.8 ಮತ್ತು 600 ಎಫ್ 4 ಲೆನ್ಸುಗಳ ಒಳಗೇ 1.4 ಎಕ್ಸ್ ಕನ್ವರ್ಟರ್ ಕೂರಿಸಿದೆ. ಒಂದು ಸಣ್ಣ ಸನ್ನೆ ತಿರುಗಿಸಿದರೆ ಒಳಕ್ಕೆ, ಮತ್ತೆ ತಿರುಗಿಸಿದರೆ ಹೊರಕ್ಕೆ. ಅವುಗಳ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ, ಅದು ಬೇರೆ ಮಾತು.

ಗಾಜಿಗೆ ಗಾಜು ತಾಗಿದರೆ

ಇನ್ನೊಂದು ಎಚ್ಚರಿಕೆ. ಕಂಪೆನಿಯ ಅಸಲಿ ಕನ್ವರ್ಟರುಗಳಲ್ಲಿ ಬಹಳಷ್ಟಕ್ಕೆ ಮುಂದಿನ ಗಾಜು ಮೂತಿಯ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದು ಲೆನ್ಸಿನ ಹಿಂಬದಿಯ ಖಾಲಿ ಜಾಗದೊಳಗೆ ಹೋಗಿ ಕೂರಬೇಕು. ಅಂಥ ಜಾಗ ಇರುವುದು 70-200 ಎಫ್ 2.8, 300 ಎಫ್ 4 ಮುಂತಾದ ಕೆಲವೇ ಲೆನ್ಸುಗಳಲ್ಲಿ. ಸಾಮಾನ್ಯ 70-300, 18-55, 18-135ರಂಥವುಗಳಿಗೆ ಹಾಕಲು ಹೋದರೆ ಗಾಜಿಗೆ ಗಾಜು ಬಡಿಯುತ್ತದೆ. ನಿಕಾನ್ ತನ್ನ ಕನ್ವರ್ಟರುಗಳಲ್ಲಿ ತಪ್ಪು ಲೆನ್ಸು ಸಿಕ್ಕಿಸದಂತೆ ಒಂದು ಪುಟ್ಟ ಹಲ್ಲು ಇಟ್ಟಿದೆ. ಅದನ್ನೂ ಅರದಲ್ಲಿ ಉಜ್ಜಿ ತೆಗೆದು ಹಾಕುವ ಧೈರ್ಯಶಾಲಿಗಳಿದ್ದಾರೆ! ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಹಲ್ಲು ಇದೆಯೇ, ಮುಂದಿನ ಗಾಜಿನ ನೆತ್ತಿಯಲ್ಲಿ ಗೀರು ಇದೆಯೇ ನೋಡಿ.

ಕೆಂಕೊ ಮುಂತಾದ ಬೇರೆ ಕಂಪೆನಿಗಳ ಕನ್ವರ್ಟರುಗಳಲ್ಲಿ ಗಾಜು ಹಾಗೆ ಚಾಚಿರುವುದಿಲ್ಲ, ಹೆಚ್ಚು ಲೆನ್ಸುಗಳಿಗೆ ಕೂರುತ್ತವೆ. ಕೂರುತ್ತದೆ ಎಂದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುತ್ತದೆ ಎಂದಲ್ಲ. ನನ್ನದೂ ಕೂತಿತ್ತು.

ಹಾಗೆಯೇ ಎಕ್ಸ್‌ಟೆನ್ಶನ್ ಟ್ಯೂಬ್ ಎಂಬ ಇನ್ನೊಂದು ಡಬ್ಬಿ ಇದೆ, ನೋಡಲು ಥೇಟ್ ಇದರಂತೆಯೇ. ಹೆಸರೂ ಎಕ್ಸ್‌ಟೆಂಡರ್‌ಗೆ ಹತ್ತಿರ, ಮೋಸ ಹೋಗುವುದು ಸುಲಭ. ಅದರೊಳಗೆ ಗಾಜೇ ಇಲ್ಲ, ಬರೀ ಟೊಳ್ಳು. ಹೂವು, ಇರುವೆಗಳನ್ನು ತೀರಾ ಹತ್ತಿರದಿಂದ ತೆಗೆಯಲು ಅದು ಬೇಕು. ಹಾಕಿಕೊಂಡರೆ ದೂರದ್ದು ಫೋಕಸ್ಸೇ ಆಗುವುದಿಲ್ಲ. ಬೆರಳು ತೂರಿಸಿ ನೋಡಿ, ಆಚೆ ಬಂದರೆ ಅದು ಟ್ಯೂಬ್. ಮೊಬೈಲಿನ ಮುಂದೆ ಕ್ಲಿಪ್ ಹಾಕಿ ಸಿಕ್ಕಿಸುವ ದುರ್ಬೀನಿನಂಥವು ಮತ್ತೊಂದು ಜಾತಿ. ಅವು ಲೆನ್ಸಿನ ಮುಂದೆ ಕೂರುವುದರಿಂದ ಲೆಕ್ಕವೇ ಬೇರೆ, ಇನ್ನೊಮ್ಮೆ ನೋಡೋಣ.

ಹಾಗಾದರೆ ಯಾರಿಗೆ ಒಳ್ಳೆಯದು?

ಇಷ್ಟೆಲ್ಲ ಬೈದ ಮೇಲೆ ಹೊಗಳುವುದೂ ನ್ಯಾಯ. ನಿಮ್ಮ ಹತ್ತಿರ 300 ಎಫ್ 4, 70-200 ಎಫ್ 2.8ರಂಥ ಗಟ್ಟಿ ಲೆನ್ಸು ಇದ್ದರೆ ಅದೇ ಕಂಪೆನಿಯ 1.4 ಎಕ್ಸ್ ಕಣ್ಣು ಮುಚ್ಚಿ ಕೊಳ್ಳಿ. ಜೇಬಿನಲ್ಲಿ ಹಿಡಿಸುವ ಡಬ್ಬಿ, 300 ಇದ್ದದ್ದು 420 ಆಗುತ್ತದೆ, ಬೆಳಕಿದ್ದರೆ ವ್ಯತ್ಯಾಸ ಹುಡುಕಬೇಕು. 2 ಎಕ್ಸ್ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಎಫ್ 2.8 ಲೆನ್ಸು ಇರುವವರಿಗೆ ಮಾತ್ರ, ಅದೂ ಒಂದು ಸ್ಟಾಪ್ ಕಿರಿದು ಮಾಡಿ ತೆಗೆಯುವ ತಾಳ್ಮೆ ಇದ್ದರೆ.

ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳ ಹುಚ್ಚಿರುವವರಿಗೆ ಒಂದು ಗುಟ್ಟು. ಕನ್ವರ್ಟರ್ ಹಾಕಿದರೂ ಲೆನ್ಸು ಎಷ್ಟು ಹತ್ತಿರದಿಂದ ಫೋಕಸ್ ಮಾಡುತ್ತಿತ್ತೋ ಅಷ್ಟೇ ಹತ್ತಿರದಿಂದ ಮಾಡುತ್ತದೆ. ಒಂದೂವರೆ ಮೀಟರ್ ದೂರ ನಿಂತು, ಚಿಟ್ಟೆಯನ್ನು ಬೆದರಿಸದೆ, 1.4 ಪಟ್ಟು ದೊಡ್ಡದಾಗಿ ಹಿಡಿಯಬಹುದು. ಹುಣ್ಣಿಮೆಯ ಚಂದ್ರನಿಗೂ ಕನ್ವರ್ಟರ್ ಚೆನ್ನ. ಚಂದ್ರನಿಗೆ ಬೆಳಕಿನ ಬರವಿಲ್ಲ, ಹಾರಿ ಹೋಗುವುದೂ ಇಲ್ಲ. ಸ್ಟ್ಯಾಂಡ್ ಹಾಕಿ, ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿಕೊಂಡು ಕೈಯಲ್ಲೇ ಫೋಕಸ್ ಮಾಡಿ. ಸೂರ್ಯನತ್ತ ಮಾತ್ರ ತಿರುಗಿಸಬೇಡಿ, ಕಣ್ಣು ಹೋದೀತು.

ಇನ್ನು ಕೆಲವು ಕಡೆ ಇದು ಬೇಡವೇ ಬೇಡ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ರಜೆಯಲ್ಲಿ ಹೋಗಿದ್ದಾಗ ಹಟಕ್ಕೆ ನನ್ನ ಡಬ್ಬಿ ಹಾಕಿಕೊಂಡೇ ನಿಂತೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರದ ಮೇಲೇ ಗೂಡು ಕಟ್ಟುತ್ತವೆ. ಕ್ಯಾಮೆರಾದಲ್ಲಿ ನೋಡಿದರೆ ಬರೀ ಒಂದು ಕೊಕ್ಕು ಮತ್ತು ಅರ್ಧ ಕಣ್ಣು. ಪಕ್ಕದಲ್ಲಿದ್ದ ಹುಡುಗ ಮೊಬೈಲಿನಲ್ಲಿ ನನಗಿಂತ ಒಳ್ಳೆಯ ಫೋಟೋ ತೆಗೆದ.

ಉಬ್ಬರದ ಲೆಕ್ಕ

ಈಗ ಶಿವ್ಡಿಯ ಗಣಿತ. ದೊಡ್ಡ ಜಾತಿಯ ರಾಜಹಂಸ ಸುಮಾರು 1.2 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ, 100 ಮೀಟರ್ ದೂರದಲ್ಲಿದೆ. 300 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಸೆನ್ಸರಿನ ಮೇಲೆ 3.6 ಮಿ.ಮೀ. ಸಾಮಾನ್ಯ ಡಿ.ಎಸ್.ಎಲ್.ಆರ್.ನ ಸೆನ್ಸರ್ ಸುಮಾರು 15 ಮಿ.ಮೀ. ಎತ್ತರ. ಅಂದರೆ ಹಕ್ಕಿ ಚಿತ್ರದ ಕಾಲು ಭಾಗ. 1.4 ಎಕ್ಸ್ ಹಾಕಿದರೆ ಮೂರನೇ ಒಂದು ಭಾಗ, 2 ಎಕ್ಸ್ ಹಾಕಿದರೆ ಅರ್ಧದ ಹತ್ತಿರ. ಇದೇ ಹಕ್ಕಿ 300 ಮೀಟರ್ ಆಚೆ ಇದ್ದರೆ? 2 ಎಕ್ಸ್ ಹಾಕಿದರೂ ಬಿಂಬ 2.4 ಮಿ.ಮೀ., ಚಿತ್ರದ ಆರನೇ ಒಂದು ಭಾಗ. ಅಕ್ಕಿಕಾಳು ಹೋಗಿ ಅವಲಕ್ಕಿ ಆಯಿತು, ಅಷ್ಟೇ. ಬಿಸಿಲೇರಿದ ಮೇಲಂತೂ ಕೆಸರಿನ ಮೇಲಿನ ಗಾಳಿ ಕಾದು ಅಲೆ ಅಲೆಯಾಗಿ ಏಳುತ್ತದೆ. ಕನ್ವರ್ಟರ್ ಹಕ್ಕಿಯ ಜೊತೆ ಆ ಅಲೆಯನ್ನೂ ದೊಡ್ಡದು ಮಾಡುತ್ತದೆ.

ದೂರವನ್ನು ಅರ್ಧ ಮಾಡಿದರೆ ಎಫ್ ನಂಬರ್ ಕೆಡದೆ, ಫೋಕಸ್ ಕೆಡದೆ, ಬಿಟ್ಟಿಯಾಗಿ 2 ಎಕ್ಸ್ ಸಿಕ್ಕಿದಂತೆ. ಆದರೆ ಕೆಸರಿನಲ್ಲಿ ನಡೆದು ಹೋಗಲಾಗದು, ಹೋಗಲೂಬಾರದು, ಹಕ್ಕಿಗಳು ಎದ್ದು ಹಾರುತ್ತವೆ. ಅವುಗಳನ್ನು ಹತ್ತಿರ ತರುವುದು ಸಮುದ್ರ. ಇಳಿತದಲ್ಲಿ ಕೆಸರು ಬಯಲು ಕಣ್ಣಿಗೆಟಕುವಷ್ಟು ದೂರ ತೆರೆದಿರುತ್ತದೆ, ಹಕ್ಕಿಗಳು ಅದರ ಆ ತುದಿಯಲ್ಲಿ ಮೇಯುತ್ತಿರುತ್ತವೆ. ನೀರು ಏರುತ್ತ ಬಂದಂತೆ ಮೇಯುವ ಜಾಗ ಕಿರಿದಾಗಿ ದಡದ ಕಡೆ ಸರಿಯುತ್ತ ಬರುತ್ತವೆ. ಪೂರ್ತಿ ಉಬ್ಬರವಾದರೆ ಕೆಸರೇ ಮುಳುಗಿ ಬೇರೆ ಕಡೆ ಹಾರಿಬಿಡುತ್ತವೆ. ಹಾಗಾಗಿ ಉಬ್ಬರಕ್ಕೆ ಎರಡು ಮೂರು ಗಂಟೆ ಮುಂಚಿನ ಹೊತ್ತು ನೋಡಿಕೊಳ್ಳಿ. ಅದು ಬೆಳಗಿನ ತಂಪು ಹೊತ್ತಿಗೆ ಕೂಡಿ ಬರುವ ದಿನಗಳು ತಿಂಗಳಲ್ಲಿ ಕೆಲವೇ. ಉಬ್ಬರ ಇಳಿತದ ವೇಳಾಪಟ್ಟಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ನಮ್ಮ ಕರಾವಳಿಯ ಮೀನುಗಾರರ ಮನೆಯವರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಶಿವ್ಡಿ ಬೇಡವೆಂದರೆ ಠಾಣೆ ಕೊಲ್ಲಿಯ ಫ್ಲೆಮಿಂಗೊ ಅಭಯಾರಣ್ಯವಿದೆ, 2015ರಲ್ಲಿ ಘೋಷಣೆಯಾದದ್ದು. ಸೀಸನ್ನಿನಲ್ಲಿ ಐರೋಲಿಯಿಂದ ದೋಣಿ ಬಿಡುತ್ತಾರೆ, ಅದೂ ನೀರಿನ ಏರಿಳಿತ ನೋಡಿಕೊಂಡೇ. ಪುಣೆಯ ಕೇಳುಗರಿಗೆ ಭಿಗವಣ ಇದೆ, ಚೆನ್ನೈಯವರಿಗೆ ಪಳ್ಳಿಕರಣೈ, ದಿಲ್ಲಿಯವರಿಗೆ ಓಖ್ಲಾ. ದೋಣಿಯಲ್ಲಿ ಹೋಗುವವರು ನೆನಪಿಡಿ, ಅಲ್ಲಿ ನೀವೂ ಅಲ್ಲಾಡುತ್ತೀರಿ, ಸ್ಟ್ಯಾಂಡ್ ಕೆಲಸಕ್ಕೆ ಬಾರದು. ಸಾವಿರದ ಒಂದು ಭಾಗಕ್ಕಿಂತ ಕಡಿಮೆ ವೇಗಕ್ಕೆ ಇಳಿಯಬೇಡಿ. ಎಫ್ 11 ಇಟ್ಟುಕೊಂಡು ಇದನ್ನು ಸಾಧಿಸುವುದು ಕಷ್ಟ.

ಡೊಂಬಿವಲಿಯವರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅರ್ಧ ಗಂಟೆ ಕೇಳಿಸಿಕೊಂಡು ಅವರು, "ಮಾರಾಯ್ರೆ, ಅದೆಲ್ಲ ಸರಿ, ಆದರೆ ಕಣ್ಣಾರೆ ನೋಡದೆ ಆಸೆ ಬಿಡುವುದು ಹೇಗೆ?" ಎಂದರು. ನ್ಯಾಯವಾದ ಮಾತು. ಅದಕ್ಕೊಂದು ಪರೀಕ್ಷೆ ಹೇಳಿಕೊಟ್ಟೆ. ನಿಮಗೂ ಬೇಕಾದೀತು.

ಅಂಗಡಿಗೆ ನಿಮ್ಮ ಕ್ಯಾಮೆರಾ, ಲೆನ್ಸು, ಸ್ಟ್ಯಾಂಡು, ಸ್ವಂತ ಮೆಮೊರಿ ಕಾರ್ಡು ತೆಗೆದುಕೊಂಡು ಹೋಗಿ. ಮೊದಲು ಕನ್ವರ್ಟರಿನ ಮುಂದಿನ ಗಾಜು ಚಾಚಿದೆಯೇ ನೋಡಿ. ಚಾಚಿದ್ದರೆ ಅಲ್ಲಿಗೇ ನಿಲ್ಲಿಸಿ, ಸಿಕ್ಕಿಸಲೂ ಹೋಗಬೇಡಿ. ಇಲ್ಲದಿದ್ದರೆ ಅಂಗಡಿಯ ಬಾಗಿಲಲ್ಲಿ ಸ್ಟ್ಯಾಂಡ್ ಹಾಕಿ ರಸ್ತೆಯ ಆ ತುದಿಯ ಒಂದು ಬೋರ್ಡನ್ನು ಆರಿಸಿ. ಅದರಲ್ಲಿ ಫೋನ್ ನಂಬರಿನಂಥ ಸಣ್ಣ ಅಕ್ಷರ ಇರಲಿ. 300ಕ್ಕೆ ಜೂಮ್ ಮಾಡಿ ಕನ್ವರ್ಟರ್ ಇಲ್ಲದೆ ಒಂದು ಫೋಟೋ, ಹಾಕಿ ಒಂದು ಫೋಟೋ. ಎರಡಕ್ಕೂ ಫೋಕಸ್ಸನ್ನು ಸ್ಕ್ರೀನಿನಲ್ಲಿ ಹಿಗ್ಗಿಸಿ ಕೈಯಲ್ಲೇ ಮಾಡಿ, ಎರಡು ಸೆಕೆಂಡಿನ ಟೈಮರ್ ಇಡಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಮೊದಲನೆಯದನ್ನು ಎರಡರಷ್ಟು ಹಿಗ್ಗಿಸಿ ಎರಡನೆಯದರ ಪಕ್ಕ ಇಡಿ. ಮೊದಲನೆಯದರಲ್ಲಿ ಓದಲಾಗದ ಅಂಕಿ ಎರಡನೆಯದರಲ್ಲಿ ಓದಲು ಬಂದರೆ ಕನ್ವರ್ಟರ್ ನಿಜಕ್ಕೂ ಏನೋ ಕೊಟ್ಟಿತು ಎಂದರ್ಥ. ಎರಡರಲ್ಲೂ ಅಷ್ಟೇ ಕಂಡರೆ ಆ ಕೆಲಸವನ್ನು ಕಂಪ್ಯೂಟರೇ ಬಿಟ್ಟಿಯಾಗಿ ಮಾಡುತ್ತದೆ.

ಶನಿವಾರ ಅವರು ಹೋಗಿ ಮಾಡಿ ನೋಡಿದರಂತೆ. ಎರಡು ಫೋಟೋಗಳಲ್ಲೂ ಅವರಿಗೆ ಓದಲು ಸಿಕ್ಕಿದ್ದು ಅದೇ ಆರು ಅಂಕಿ. ಕನ್ವರ್ಟರ್ ಹಾಕಿದ್ದರಲ್ಲಿ ಅಕ್ಷರದ ಅಂಚಿಗೆ ನೇರಳೆ ಬಣ್ಣ ಬೇರೆ. ಒಂಬತ್ತು ಸಾವಿರ ಉಳಿಯಿತು. ಅದರಲ್ಲಿ ಒಂದು ಪಾಲು ಕೊಟ್ಟು ಒಂದು ವಾರಾಂತ್ಯಕ್ಕೆ 150-600 ಮಿ.ಮೀ. ಲೆನ್ಸು ಬಾಡಿಗೆಗೆ ಮಾತಾಡಿದ್ದಾರೆ. ಉಬ್ಬರದ ಪಟ್ಟಿ ನೋಡಿ ದಿನ ಗುರುತು ಹಾಕಿಕೊಂಡಿದ್ದಾರೆ, ಐರೋಲಿಯ ದೋಣಿಗೆ ಇಬ್ಬರ ಟಿಕೆಟ್. ಮನೆಯವರೂ ಬರುತ್ತಾರಂತೆ, ಮೂವತ್ತೊಂದು ವರ್ಷದಲ್ಲಿ ಅವರೂ ಹಕ್ಕಿಗಳನ್ನು ಹತ್ತಿರದಿಂದ ನೋಡಿಲ್ಲವಂತೆ. ಫೋಟೋ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.